ಯಾರ ಹೊಗೆ ಎಷ್ಟು: ಹೊಣೆಯ ಲೆಕ್ಕ ಓದುವ ಬಗೆ

ಕಾರ್ಖಾನೆಗಳ ಇಂಧನ ಲೆಕ್ಕ ನೋಡುವುದು ನನ್ನ ಕಸುಬು. ಹುಬ್ಬಳ್ಳಿ, ಬೆಳಗಾವಿ ಸುತ್ತಮುತ್ತಲಿನ ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ಹೋಗಿ ಕರೆಂಟ್ ಬಿಲ್ಲು, ಡೀಸೆಲ್ ಚೀಟಿ, ಕಚ್ಚಾಮಾಲಿನ ಖರೀದಿ ಪಟ್ಟಿ ಹರವಿಕೊಂಡು ಕೂತು, ವರ್ಷಕ್ಕೆ ಎಷ್ಟು ಟನ್ ಹಸಿರುಮನೆ ಅನಿಲ ಅವರ ಖಾತೆಗೆ ಬೀಳುತ್ತದೆ ಎಂದು ಬರೆದುಕೊಡುತ್ತೇನೆ. ಯುರೋಪಿಗೆ ಕಬ್ಬಿಣದ ಮಾಲು ಕಳಿಸುವವರಿಗೆ ಈಚೆಗೆ ಈ ಕಾಗದ ಬೇಕೇ ಬೇಕು. ಹೋದಲ್ಲೆಲ್ಲ ಚಹಾ ಬರುವ ಮೊದಲೇ ಮಾಲೀಕರ ಮಾತು ಬರುತ್ತದೆ: “ಮೇಡಂ, ಹೊಗೆ ಎಬ್ಬಿಸುವವರು ಚೀನಾದವರು. ನಮ್ಮ ನಟ್ಟು ಬೋಲ್ಟಿನ ಲೆಕ್ಕ ಕಟ್ಟಿಕೊಂಡು ಏನು ಮಾಡುತ್ತೀರಿ?” ಪಕ್ಕದಲ್ಲಿ ಕೂತ ಎಂಜಿನಿಯರ್ ಹುಡುಗ, “ಇಲ್ಲ ಸರ್, ಅಸಲಿ ಅಪರಾಧಿ ಅಮೆರಿಕ” ಎನ್ನುತ್ತಾನೆ. ಅಕೌಂಟೆಂಟ್ ಮೊಬೈಲ್ ತೆಗೆದು, ಬರೀ ನೂರು ಕಂಪನಿಗಳೇ ಶೇ 71ರಷ್ಟಕ್ಕೆ ಕಾರಣವಂತೆ ಎಂದು ಓದಿ ಹೇಳುತ್ತಾರೆ.

ಮೂವರ ಮಾತಿಗೂ ಆಧಾರವಿದೆ. ಮೂವರೂ ಬೇರೆ ಬೇರೆ ಖಾತೆ ಪುಸ್ತಕ ಹಿಡಿದುಕೊಂಡು ಒಂದೇ ಜಗಳ ಆಡುತ್ತಿದ್ದಾರೆ, ಅಷ್ಟೇ. ಇಂಥ ಅಂಕಿಯೊಂದು ಪತ್ರಿಕೆಯಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಕಣ್ಣಿಗೆ ಬಿದ್ದಾಗ ಅದು ಯಾವ ಪುಸ್ತಕದ್ದು ಎಂದು ಗುರುತಿಸುವುದು ಹೇಗೆ, ಅದರ ಬಲದ ಮೇಲೆ ಎಷ್ಟು ಮಾತಾಡಬಹುದು ಎಂಬುದನ್ನು ನಾನು ಕೆಲಸ ಮಾಡುವ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ. ಒಂದು ಕಾಗದ, ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಶೇಕಡಾ ಸರಿ, ಯಾವುದರ ಶೇಕಡಾ?

ಶೇಕಡಾವಾರು ಕಂಡ ಕೂಡಲೇ ಅದರ ಛೇದ ಯಾವುದು ಎಂದು ಬರೆದುಕೊಳ್ಳಿ. ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲ ಸುಟ್ಟು ಮತ್ತು ಸಿಮೆಂಟ್ ಮಾಡಿ ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡ್ ಈಗ ವರ್ಷಕ್ಕೆ ಸುಮಾರು 3,700 ಕೋಟಿ ಟನ್. ಅದಕ್ಕೆ ಮಿಥೇನ್, ನೈಟ್ರಸ್ ಆಕ್ಸೈಡ್, ಎಸಿ ಮತ್ತು ಫ್ರಿಜ್ಜಿನ ಶೀತಕಗಳು, ಕಾಡು ಕಡಿದು ಸುಟ್ಟದ್ದು ಎಲ್ಲವನ್ನೂ ಸೇರಿಸಿದರೆ 2023ರ ಮೊತ್ತ ಸುಮಾರು 5,700 ಕೋಟಿ ಟನ್ ಎನ್ನುತ್ತದೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ. ಮೊದಲ ಛೇದ ಇಟ್ಟರೆ ಅಮೆರಿಕದ ಪಾಲು ಶೇ 13ರ ಆಸುಪಾಸು, ಎರಡನೆಯದು ಇಟ್ಟರೆ ಶೇ 11. ಎರಡೂ ಸರಿ. ಒಂದು ಪಟ್ಟಿಯಿಂದ ಅಮೆರಿಕದ ಅಂಕಿ, ಇನ್ನೊಂದರಿಂದ ಭಾರತದ ಅಂಕಿ ಎತ್ತಿ ಪಕ್ಕಪಕ್ಕ ಇಡುವುದು ಮಾತ್ರ ತಪ್ಪು. ಚರ್ಚೆಗಳಲ್ಲಿ ದಿನವೂ ನಡೆಯುವುದು ಅದೇ.

ಅನಿಲಗಳನ್ನು ಕೂಡಿಸುವಾಗ ಇನ್ನೊಂದು ಸೂಕ್ಷ್ಮವಿದೆ. ಒಂದು ಟನ್ ಮಿಥೇನ್ ನೂರು ವರ್ಷದ ಅವಧಿಯಲ್ಲಿ ಸುಮಾರು 28 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಇಪ್ಪತ್ತು ವರ್ಷದ ಅವಧಿಗೆ ಲೆಕ್ಕ ಹಾಕಿದರೆ 80ಕ್ಕೂ ಹೆಚ್ಚು. ಮಿಥೇನ್ ತೈಲ ಬಾವಿಯಿಂದಲೂ ಸೋರುತ್ತದೆ, ಕಲ್ಲಿದ್ದಲು ಗಣಿಯಿಂದಲೂ ಬರುತ್ತದೆ, ಭತ್ತದ ಗದ್ದೆ ಮತ್ತು ದನಕರುಗಳಿಂದಲೂ ಬರುತ್ತದೆ. ನಮ್ಮ ದೇಶದ ಮಿಥೇನಿನಲ್ಲಿ ಬಹುಪಾಲು ಈ ಕೊನೆಯ ಎರಡರದು. ಹಾಗಾಗಿ ಯಾವ ಅವಧಿ ಎಂದು ಹೇಳದೆ ಯಾರಾದರೂ ಮಿಥೇನಿನ ದೊಡ್ಡ ಅಂಕಿ ಮುಂದಿಟ್ಟರೆ, ಗೂಬೆ ಯಾರ ಮೇಲೆ ಕೂರಿಸಲು ಹೊರಟಿದ್ದಾರೆ ಎಂದು ನೋಡಿಕೊಳ್ಳಿ. 2021ರಲ್ಲಿ ಗ್ಲಾಸ್ಗೋದಲ್ಲಿ ಮಿಥೇನ್ ತಗ್ಗಿಸುವ ಜಾಗತಿಕ ವಾಗ್ದಾನಕ್ಕೆ ನೂರಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದಾಗ ಭಾರತ ಹಾಕಲಿಲ್ಲ.

ಬೇಗ ಮುಗಿಸಬಹುದಾದ ಎರಡು ತಪಾಸಣೆ. ಅಂಕಿ ‘ಇಂಗಾಲ’ದ್ದೋ ‘ಇಂಗಾಲದ ಡೈಆಕ್ಸೈಡ್’ದೋ ನೋಡಿ, 12 ಟನ್ ಇಂಗಾಲ ಸುಟ್ಟರೆ 44 ಟನ್ ಡೈಆಕ್ಸೈಡ್, ಅಂದರೆ 3.67 ಪಟ್ಟು. ಹಳೆಯ ವೈಜ್ಞಾನಿಕ ಲೇಖನಗಳಲ್ಲಿ ಮೊದಲನೆಯದೇ ಹೆಚ್ಚು. ಇನ್ನೊಂದು, ಮೊತ್ತ ಒಟ್ಟಾರೆಯದೋ, ಕಾಡು ಹೀರಿಕೊಂಡದ್ದನ್ನು ಕಳೆದು ಉಳಿದದ್ದೋ. ಭಾರತ 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ವರದಿಯಲ್ಲಿ 2020ರ ಮೊತ್ತ ಸುಮಾರು 296 ಕೋಟಿ ಟನ್. ಕಾಡು ಮತ್ತು ಭೂಬಳಕೆಯ ಪಾಲು ಕಳೆದರೆ 244 ಕೋಟಿ. ಮಂತ್ರಿಗಳ ಭಾಷಣದಲ್ಲಿ ಎರಡನೆಯದು, ಟೀಕಾಕಾರರ ಲೇಖನದಲ್ಲಿ ಮೊದಲನೆಯದು ಬರುತ್ತದೆ. ಅದೂ ಅಲ್ಲದೆ 2020 ಲಾಕ್‌ಡೌನ್ ವರ್ಷ. ಆ ವರ್ಷದ ಅಂಕಿ ಹಿಡಿದು ‘ಇಳಿಸಿದೆವು’ ಎಂದು ಬೀಗುವವರನ್ನು ಹತ್ತಿರ ಸೇರಿಸಬೇಡಿ.

ಒಂದೇ ದೇಶಕ್ಕೆ ಮೂರು ಸ್ಥಾನ

ಕಾಗದದ ಮೇಲೆ ಮೂರು ಕಂಬಸಾಲು ಎಳೆಯಿರಿ: ಈ ವರ್ಷದ ಹೊಗೆ, ತಲಾ ಹೊಗೆ, 1850ರಿಂದ ಇಲ್ಲಿಯವರೆಗಿನ ಒಟ್ಟು ಹೊಗೆ. ಮೂರನ್ನೂ ತುಂಬದೆ ಯಾವ ದೇಶದ ಬಗ್ಗೆಯೂ ಬಾಯಿ ಬಿಡಬೇಡಿ ಎಂದು ನಾನು ತರಬೇತಿಗೆ ಬರುವ ಹುಡುಗರಿಗೆ ಹೇಳುತ್ತೇನೆ.

ಇಂಧನ ಮತ್ತು ಸಿಮೆಂಟಿನ ಇಂಗಾಲದ ಡೈಆಕ್ಸೈಡನ್ನಷ್ಟೇ ಎಣಿಸೋಣ. ಮೊದಲ ಸಾಲಿನಲ್ಲಿ ಚೀನಾದ್ದು ಮೂರನೆಯ ಒಂದು ಪಾಲಿಗೆ ಸ್ವಲ್ಪ ಕಡಿಮೆ. ಅಮೆರಿಕ ಶೇ 13, ಭಾರತ ಶೇ 8, ಯುರೋಪ್ ಒಕ್ಕೂಟದ 27 ದೇಶಗಳೂ ಸೇರಿ ಶೇ 7. ಇಲ್ಲಿಗೆ ನಿಲ್ಲಿಸಿದರೆ ಮಾಲೀಕರ ಮಾತೇ ಸರಿ, ನಾವೂ ಮೂರನೆಯ ಅಪರಾಧಿ.

ಎರಡನೆಯ ಸಾಲಿನಲ್ಲಿ ಚಿತ್ರ ತಿರುಗುತ್ತದೆ. ಅಮೆರಿಕದ ಒಬ್ಬರ ಪಾಲಿಗೆ ವರ್ಷಕ್ಕೆ 14 ಟನ್‌ಗೂ ಮೇಲೆ, ಚೀನಾದ ಒಬ್ಬರಿಗೆ 8 ಟನ್‌ಗೂ ಮೇಲೆ, ಯುರೋಪಿನವರಿಗೆ ಐದೂವರೆಯ ಸುತ್ತ, ಭಾರತದವರಿಗೆ ಎರಡಕ್ಕೆ ಸ್ವಲ್ಪ ಹೆಚ್ಚು. ಜಗತ್ತಿನ ಸರಾಸರಿ 4.7. ಗಮನಿಸಿ, ಚೀನಾ ಯುರೋಪನ್ನು ದಾಟಿದೆ. ‘ಬಡ ಚೀನಾ, ಶ್ರೀಮಂತ ಯುರೋಪ್’ ಎಂಬ ಇಪ್ಪತ್ತು ವರ್ಷ ಹಳೆಯ ವಾದ ತಲಾ ಲೆಕ್ಕದಲ್ಲಿ ಇನ್ನು ನಡೆಯುವುದಿಲ್ಲ. ಕತಾರ್‌ನಂಥ ಪುಟ್ಟ ದೇಶ ಈ ಸಾಲಿನಲ್ಲಿ ಎಲ್ಲರನ್ನೂ ಮೀರಿಸುತ್ತದೆ, ಮೊದಲ ಸಾಲಿನಲ್ಲಿ ಅದರ ಸುಳಿವೇ ಇರುವುದಿಲ್ಲ.

ಮೂರನೆಯ ಸಾಲು ಮುಖ್ಯ, ಏಕೆಂದರೆ ಇಂಗಾಲದ ಡೈಆಕ್ಸೈಡ್ ಬಿಟ್ಟ ವರ್ಷವೇ ಕರಗಿ ಹೋಗುವುದಿಲ್ಲ. ಅದರಲ್ಲಿ ಒಂದಷ್ಟು ಭಾಗ ಶತಮಾನಗಳ ಕಾಲ ಮೇಲೆಯೇ ಉಳಿಯುತ್ತದೆ. 1900ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಉಕ್ಕಿನ ಕುಲುಮೆ ಬಿಟ್ಟದ್ದು ಇಂದಿನ ಬಿಸಿಲಿಗೂ ಸೇರಿದೆ. ಇಂಧನ ಸುಟ್ಟದ್ದನ್ನು ಮಾತ್ರ ಎಣಿಸಿದರೆ ಅಮೆರಿಕದ ಪಾಲು ಸುಮಾರು ನಾಲ್ಕನೆಯ ಒಂದು, ಈಗಿನ ಯುರೋಪ್ ಒಕ್ಕೂಟದ್ದು ಶೇ 17ರ ಸುತ್ತ, ಚೀನಾ ಶೇ 15ರ ಸುತ್ತ, ಭಾರತ ಶೇ 3ರಿಂದ 4. ಇದೇ ಸಾಲಿಗೆ ಕಾಡು ಕಡಿದದ್ದನ್ನೂ ಸೇರಿಸಿ ನೋಡಿ: ಅಮೆರಿಕ ಶೇ 20ಕ್ಕೆ ಇಳಿಯುತ್ತದೆ, ಎಲ್ಲಿಯೂ ಇಲ್ಲದ ಬ್ರೆಜಿಲ್ ಶೇ 5ರೊಂದಿಗೆ, ಇಂಡೊನೇಷ್ಯಾ ಶೇ 4ರೊಂದಿಗೆ ಮುಂಚೂಣಿಗೆ ಬರುತ್ತವೆ. ಭಾರತ ಶೇ 3ರಲ್ಲೇ ಇರುತ್ತದೆ.

ಈ ಸಾಲು ಸೇರಿಸುವ ಬಿಡುವ ಆಟ ಹೊಸದಲ್ಲ. 1990ರಲ್ಲಿ ವಾಷಿಂಗ್ಟನ್‌ನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಹಸಿರುಮನೆ ಅನಿಲಗಳ ಪಟ್ಟಿ ಮಾಡಿದಾಗ ಬ್ರೆಜಿಲ್, ಚೀನಾ, ಭಾರತ ಮೂರೂ ಮೊದಲ ಐದರಲ್ಲಿ ಬಂದವು. ಮರು ವರ್ಷ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಆ ಲೆಕ್ಕವನ್ನು ಬಿಚ್ಚಿ ಕೂತರು. ಅವರು ಹಿಡಿದ ಎಳೆ ಇದು: ಕಡಲು ಮತ್ತು ಕಾಡು ಪ್ರತಿವರ್ಷ ಒಂದಷ್ಟು ಅನಿಲ ಹೀರಿಕೊಳ್ಳುತ್ತವೆ, ವಾಷಿಂಗ್ಟನ್‌ನವರು ಆ ಸೌಲಭ್ಯವನ್ನು ಯಾರು ಎಷ್ಟು ಹೊಗೆ ಬಿಡುತ್ತಾರೋ ಅದೇ ಪ್ರಮಾಣದಲ್ಲಿ ಹಂಚಿದ್ದರು. ಹೆಚ್ಚು ಬಿಟ್ಟವನಿಗೆ ಹೆಚ್ಚು ರಿಯಾಯಿತಿ! ಅದನ್ನು ಜನಸಂಖ್ಯೆಯ ಪ್ರಕಾರ ಹಂಚಿದರೆ ಭಾರತದ ಪಾಲಿನ ಹೊಗೆಯನ್ನು ಭೂಮಿ ತಾನೇ ಹೀರಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ಗದ್ದೆಯ ಮಿಥೇನನ್ನೂ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದೂ ಕೇಳಿದರು. ಅದರ ಮರುವರ್ಷ, 1992ರಲ್ಲಿ, ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಪೀಠಿಕೆಯಲ್ಲೇ ಹಿಂದಿನ ಮತ್ತು ಈಗಿನ ಹೊಗೆಯ ಅತಿ ದೊಡ್ಡ ಪಾಲು ಮುಂದುವರಿದ ದೇಶಗಳದು ಎಂದು ಬರೆಯಲಾಯಿತು. ಹೊಣೆ ಎಲ್ಲರದೂ ಹೌದು, ಆದರೆ ಸಮವಲ್ಲ ಎಂಬ ತತ್ವ ಸಮ್ಮತವಾಯಿತು.

ನನ್ನ ಪಕ್ಷಪಾತ ಹೇಳಿಬಿಡುತ್ತೇನೆ: ಹಣ ಯಾರು ಕೊಡಬೇಕು ಎಂಬ ಪ್ರಶ್ನೆಗೆ ಮೂರನೆಯ ಸಾಲು ನೋಡಬೇಕು. ಮುಂದೆ ಯಾರು ನಿಲ್ಲಿಸದೆ ಇದ್ದರೆ ಕೆಲಸ ಕೆಡುತ್ತದೆ ಎಂಬುದಕ್ಕೆ ಮೊದಲನೆಯ ಸಾಲು. ಭಾರತದವರಾದ ನಾವು ಎರಡನೆಯ ಸಾಲಿನ ಹಿಂದೆ ಬಚ್ಚಿಟ್ಟುಕೊಳ್ಳುವ ಅಭ್ಯಾಸವೂ ಉಂಟು. ಬೆಂಗಳೂರಿನ ಹೊರವಲಯದ ವಿಲ್ಲಾದಲ್ಲಿ ಮೂರು ಕಾರು ಇಟ್ಟುಕೊಂಡವರು ತಮ್ಮ ತಲಾ ಹೊಗೆಯನ್ನು ಯಾದಗಿರಿಯ ಕೂಲಿಯವರ ಜೊತೆ ಸರಾಸರಿ ಮಾಡಿಕೊಂಡು ‘ನಮ್ಮದು ಬರೀ ಎರಡು ಟನ್’ ಎಂದರೆ ನಗು ಬರುತ್ತದೆ. ಜಗತ್ತಿನ ಶ್ರೀಮಂತ ಶೇ 10 ಜನ 2019ರಲ್ಲಿ ಅರ್ಧದಷ್ಟು ಹೊಗೆಗೆ ಕಾರಣರಾಗಿದ್ದರು ಎಂದು ಆಕ್ಸ್‌ಫ್ಯಾಮ್ ಲೆಕ್ಕ ಹಾಕಿದೆ. ಆ ಹತ್ತರಲ್ಲಿ ನಮ್ಮವರೂ ಇದ್ದಾರೆ.

ಹೊಗೆ ಎದ್ದ ಜಾಗವೋ, ಮಾಲು ಬಳಸಿದ ಜಾಗವೋ

ರಾಯಚೂರಿನ ಶಕ್ತಿನಗರಕ್ಕೆ ಹೋಗಿ ನೋಡಿ. 1,720 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ. ಕಲ್ಲಿದ್ದಲಿನ ಒಂದು ಪಾಲು ತೆಲಂಗಾಣದ ಸಿಂಗರೇಣಿ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಹತ್ತಿರ ಹತ್ತಿರ ಒಂದು ಕೆಜಿ ಇಂಗಾಲದ ಡೈಆಕ್ಸೈಡ್ ಚಿಮಣಿಯಿಂದ ಹೋಗುತ್ತದೆ, ಹಾರುಬೂದಿ ಊರಿನ ಮೇಲೆ ಬೀಳುತ್ತದೆ. ವಿದ್ಯುತ್ತು ತಂತಿ ಹಿಡಿದು ಬೆಂಗಳೂರಿಗೂ ಹೋಗುತ್ತದೆ. ಈಗ ಹೇಳಿ, ಆ ಒಂದು ಕೆಜಿ ಯಾರದು? ಗಣಿ ತೋಡಿದವರದೇ, ಸುಟ್ಟವರದೇ, ಎಸಿ ಹಾಕಿಕೊಂಡವರದೇ? ಮೂರಕ್ಕೂ ಒಂದೊಂದು ಲೆಕ್ಕಪದ್ಧತಿ ಇದೆ. ಮೂರೂ ಪ್ರಾಮಾಣಿಕ. ಆದರೆ ಮೂರನ್ನೂ ಕೂಡಿಸಿದರೆ ಒಂದು ಕೆಜಿ ಮೂರು ಕೆಜಿಯಾಗುತ್ತದೆ.

ದೇಶಗಳ ಅಧಿಕೃತ ಲೆಕ್ಕ ಸುಟ್ಟ ಜಾಗದ್ದು. ಅದನ್ನು ಬಳಕೆದಾರರ ಲೆಕ್ಕಕ್ಕೆ ತಿರುಗಿಸಿದರೆ ಚೀನಾದ ಅಂಕಿ ಸುಮಾರು ಹತ್ತನೆಯ ಒಂದು ಪಾಲು ಇಳಿಯುತ್ತದೆ, ಅಮೆರಿಕದ್ದು ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಭಾರತದ್ದೂ ಕೊಂಚ ತಗ್ಗುತ್ತದೆ. ಹಿಮ, ಹುಲ್ಲುಗಾವಲು, ಶುಭ್ರ ಗಾಳಿಯ ಸ್ವಿಟ್ಜರ್ಲೆಂಡಿನದು ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ. ಕೊಳೆ ಕೆಲಸವೆಲ್ಲ ಹೊರದೇಶದಲ್ಲಿ ಮಾಡಿಸಿಕೊಂಡರೆ ಅಂಗಳ ಶುಭ್ರವಾಗಿರದೆ ಏನಾದೀತು! ಆದರೂ ಒಂದು ಮಾತು ಒಪ್ಪಬೇಕು. ಚೀನಾದ ಹೊಗೆಯೆಲ್ಲ ನಮಗಾಗಿ ಆಟಿಕೆ ಮಾಡಿದ್ದರಿಂದ ಬಂದದ್ದು ಎಂಬ ಜನಪ್ರಿಯ ವಾದ ಹತ್ತನೆಯ ಒಂದು ಪಾಲಿಗಷ್ಟೇ ನಿಜ. ಉಳಿದದ್ದು ಅವರ ಸ್ವಂತ ಮನೆ, ರಸ್ತೆ, ಸೇತುವೆಗಳದು.

ಕೈಗಾರಿಕೆಗಳ ಪಟ್ಟಿ: ವಿದ್ಯುತ್ತನ್ನು ಎಲ್ಲಿ ಇಟ್ಟಿದ್ದಾರೆ ನೋಡಿ

ಯಾವ ವಲಯದ್ದು ಎಷ್ಟು ಎಂಬ ಬಣ್ಣದ ವೃತ್ತಚಿತ್ರಗಳು ಒಂದಕ್ಕೊಂದು ತಾಳೆಯಾಗದಿರಲು ಬಹುಪಾಲು ಒಂದೇ ಕಾರಣ. ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯ ಆರನೆಯ ವರದಿಯಲ್ಲಿ 2019ರ ಲೆಕ್ಕ ಹೀಗಿದೆ: ಇಂಧನ ಮತ್ತು ವಿದ್ಯುತ್ ಪೂರೈಕೆ ಶೇ 34, ಕೈಗಾರಿಕೆ ಶೇ 24, ಕೃಷಿ ಮತ್ತು ಅರಣ್ಯ ಶೇ 22, ಸಾರಿಗೆ ಶೇ 15, ಕಟ್ಟಡಗಳು ಶೇ 6. ಇದೇ ವರದಿ ವಿದ್ಯುತ್ ಮತ್ತು ಶಾಖವನ್ನು ಬಳಸಿದವರ ಹೆಸರಿಗೆ ವರ್ಗಾಯಿಸಿದಾಗ ಕೈಗಾರಿಕೆ ಶೇ 34ಕ್ಕೆ ಜಿಗಿಯಿತು, ಕಟ್ಟಡಗಳು ಶೇ 16ಕ್ಕೆ, ಇಂಧನ ಪೂರೈಕೆ ಶೇ 12ಕ್ಕೆ ಕುಸಿಯಿತು. ಕಟ್ಟಡ ನಿರ್ಮಾಣದವರ ಸಂಘ ‘ನಮ್ಮದು ಆರೇ’ ಎನ್ನುತ್ತದೆ, ವಿದ್ಯುತ್ ಕಂಪನಿಗಳು ‘ನಮ್ಮದು ಹನ್ನೆರಡೇ’ ಎನ್ನುತ್ತವೆ. ಇಬ್ಬರೂ ತಮಗೆ ಬೇಕಾದ ಪುಟ ಹರಿದುಕೊಂಡಿರುತ್ತಾರೆ.

ಭಾರತದ 2020ರ ಪಟ್ಟಿಯಲ್ಲೂ ಇದನ್ನು ಕಾಣಬಹುದು. ಇಂಧನ ಶೇ 75.66, ಕೃಷಿ ಶೇ 13.72, ಕೈಗಾರಿಕಾ ಪ್ರಕ್ರಿಯೆಗಳು ಶೇ 8.06, ತ್ಯಾಜ್ಯ ಶೇ 2.56. ಕೈಗಾರಿಕೆ ಎಂಟೇ ಎಂದು ಓದಿಕೊಳ್ಳಬೇಡಿ. ಆ ಎಂಟರಲ್ಲಿ ಇರುವುದು ರಾಸಾಯನಿಕ ಕ್ರಿಯೆಯಿಂದ ಹುಟ್ಟಿದ್ದು ಮಾತ್ರ. ಕಾರ್ಖಾನೆಯಲ್ಲಿ ಸುಟ್ಟ ಕಲ್ಲಿದ್ದಲು, ಬಳಸಿದ ಕರೆಂಟು ಎಲ್ಲ ‘ಇಂಧನ’ದ ಹೊಟ್ಟೆಯೊಳಗೆ ಸೇರಿಕೊಂಡಿದೆ. ವಿದ್ಯುತ್ ಉತ್ಪಾದನೆಯೊಂದೇ ದೇಶದ ಒಟ್ಟು ಹೊಗೆಯ ಶೇ 39.

ಸಿಮೆಂಟನ್ನು ಹತ್ತಿರದಿಂದ ನೋಡಿದರೆ ಈ ‘ಪ್ರಕ್ರಿಯೆ’ ಅರ್ಥವಾಗುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ವಾಡಿ ಕಡೆ ನೆಲದಡಿ ಸುಣ್ಣದ ಕಲ್ಲು. ಅದನ್ನು ಗೂಡಿಗೆ ಹಾಕಿ ಕಾಯಿಸಿದರೆ ನೂರು ಕೆಜಿ ಶುದ್ಧ ಸುಣ್ಣದ ಕಲ್ಲಿನಿಂದ 56 ಕೆಜಿ ಸುಣ್ಣ ಉಳಿಯುತ್ತದೆ, 44 ಕೆಜಿ ಇಂಗಾಲದ ಡೈಆಕ್ಸೈಡಾಗಿ ಹೊರಟುಹೋಗುತ್ತದೆ. ಇದು ಗೂಡಿಗೆ ಹಾಕಿದ ಕಲ್ಲಿದ್ದಲಿನದಲ್ಲ, ಕಲ್ಲಿನೊಳಗೇ ಇದ್ದದ್ದು. ಕ್ಲಿಂಕರ್ (ಪುಡಿ ಮಾಡಿದರೆ ಸಿಮೆಂಟಾಗುವ ಗಟ್ಟಿ ಉಂಡೆ) ಮಾಡುವಾಗ ಬರುವ ಹೊಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಬರುತ್ತದೆ. ಗೂಡಿಗೆ ಸೌರಶಕ್ತಿಯನ್ನೇ ಕೊಟ್ಟರೂ ಈ 44 ಕೆಜಿ ನಿಲ್ಲುವುದಿಲ್ಲ. ಕ್ಲಿಂಕರಿನ ಪಾಲು ಕಡಿಮೆ ಮಾಡಿ ಹಾರುಬೂದಿ, ಕುಲುಮೆಯ ಕಿಟ್ಟ ಬೆರೆಸುವುದು ಸದ್ಯಕ್ಕೆ ಇರುವ ದಾರಿ. ಶಕ್ತಿನಗರದ ಬೂದಿಗೆ ಬೆಲೆ ಬರುವುದು ಇಲ್ಲೇ.

ಉಕ್ಕಿನದೂ ಇದೇ ಪಾಡು. ಅದಿರಿನಲ್ಲಿ ಕಬ್ಬಿಣಕ್ಕೆ ಅಂಟಿದ ಆಮ್ಲಜನಕವನ್ನು ಕಿತ್ತು ತೆಗೆಯಲು ಕೋಕ್‌ನ, ಅಂದರೆ ಗಾಳಿಯಾಡದಂತೆ ಕಾಯಿಸಿದ ಕಲ್ಲಿದ್ದಲಿನ, ಇಂಗಾಲ ಬೇಕು. ಇಂಗಾಲ ಆಮ್ಲಜನಕ ಕೂಡಿ ಹೊರಗೆ ಹೋಗುತ್ತವೆ. ಸಂಡೂರಿನ ಅದಿರು ತೋರಣಗಲ್ಲಿನಲ್ಲಿ ಉಕ್ಕಾಗುವ ಹಾದಿ ಇದೇ. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಸುಮಾರು ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಉಕ್ಕು ಸಚಿವಾಲಯ ‘ಹಸಿರು ಉಕ್ಕು’ ಎಂದು ಕರೆಯಲು 2.2 ಟನ್‌ನ ಗೆರೆ ಎಳೆಯಿತು. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಒಂದು ಟನ್‌ಗಿಂತ ಕೆಳಗೆ ಬರಬಹುದು. ಬಳ್ಳಾರಿ, ಕೊಪ್ಪಳದ ಕಲ್ಲಿದ್ದಲು ಆಧಾರಿತ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆಯೇ ಆಮ್ಲಜನಕ ತೆಗೆದ ಕಬ್ಬಿಣ) ದಾರಿ ಹಿಡಿದರೆ ಸರಾಸರಿಗಿಂತ ಮೇಲಕ್ಕೇ ಹೋಗುತ್ತದೆ. ‘ಉಕ್ಕು ಉದ್ಯಮ’ ಎಂಬ ಒಂದೇ ಹೆಸರಿನಡಿ ಇಷ್ಟು ಅಂತರವಿದೆ, ಹಾಗಾಗಿ ಉದ್ಯಮದ ಹೆಸರು ಕೇಳಿದ ಮೇಲೆ ‘ಯಾವ ಕುಲುಮೆ’ ಎಂದು ಕೇಳದೆ ಮುಂದೆ ಹೋಗಬೇಡಿ.

ನೂರು ಕಂಪನಿ, ಶೇ 71

ಅಕೌಂಟೆಂಟ್ ಓದಿದ ಅಂಕಿ 2017ರ ಒಂದು ವರದಿಯದು. ಅದರ ಬೇರು ರಿಚರ್ಡ್ ಹೀಡಿ ಎಂಬ ಸಂಶೋಧಕರ ಕೆಲಸದಲ್ಲಿದೆ. ಗಣಿ ಮತ್ತು ತೈಲ ಕಂಪನಿಗಳ ಹಳೆಯ ವಾರ್ಷಿಕ ವರದಿಗಳನ್ನು ಕೆದಕಿ, ಯಾರು ಎಷ್ಟು ಇಂಗಾಲವನ್ನು ನೆಲದಿಂದ ಮೇಲೆತ್ತಿದರು ಎಂದು ಅವರು ಲೆಕ್ಕ ಕಟ್ಟಿದರು. 90 ಸಂಸ್ಥೆಗಳು 1751ರಿಂದ 2010ರವರೆಗಿನ ಕೈಗಾರಿಕಾ ಹೊಗೆಯ ಶೇ 63ಕ್ಕೆ ಕಾರಣ ಎಂದು 2013ರಲ್ಲಿ ಪ್ರಕಟಿಸಿದರು. ನೂರು ಕಂಪನಿಗಳ ಪಟ್ಟಿ 1988ರಿಂದ ಈಚಿನದು.

ಇದನ್ನು ಓದುವಾಗ ಮೂರು ಎಚ್ಚರ. ಛೇದದಲ್ಲಿ ಇರುವುದು ಕೈಗಾರಿಕಾ ಹೊಗೆ ಮಾತ್ರ. ಗದ್ದೆ, ದನ, ಕಾಡು ಇಲ್ಲ. ಎರಡನೆಯದು, ಆ ಹೊಗೆಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಕಂಪನಿಯ ಚಿಮಣಿಯದಲ್ಲ, ಅದು ಮಾರಿದ ಪೆಟ್ರೋಲ್, ಕಲ್ಲಿದ್ದಲನ್ನು ನಾವು ಸುಟ್ಟಾಗ ಬಂದದ್ದು. ಮೂರನೆಯದು ಜನ ಗಮನಿಸುವುದೇ ಇಲ್ಲ: ಪಟ್ಟಿಯ ತುದಿಯಲ್ಲಿ ಕೂತಿರುವ ‘ಕಂಪನಿ’ ಎಂದರೆ ಇಡೀ ಚೀನಾದ ಕಲ್ಲಿದ್ದಲು ಉದ್ಯಮ, ಶೇ 14ಕ್ಕೂ ಮೇಲೆ. ನಂತರ ಸೌದಿಯ ಅರಾಮ್ಕೊ, ರಷ್ಯಾದ ಗಾಜ್‌ಪ್ರೋಮ್, ಇರಾನಿನ ರಾಷ್ಟ್ರೀಯ ತೈಲ ಸಂಸ್ಥೆ. ನಮ್ಮ ಕೋಲ್ ಇಂಡಿಯಾ ಕೂಡ ಮೇಲಿನ ಸಾಲಿನಲ್ಲೇ ಇದೆ. ಖಾಸಗಿ ಲಾಭಕೋರರ ಪಟ್ಟಿ ಎಂದು ಹಂಚಿಕೊಳ್ಳುವವರು, ಅದರ ತಲೆಯಲ್ಲಿರುವುದು ಸರ್ಕಾರಗಳು ಎಂಬುದನ್ನು ನೋಡಿರುವುದಿಲ್ಲ.

ಹಾಗೆಂದು ಕಂಪನಿಗಳು ಕೈ ತೊಳೆದುಕೊಳ್ಳುವಂತಿಲ್ಲ. ಎಕ್ಸಾನ್ ಕಂಪನಿಯ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದಲೇ ಭೂಮಿ ಎಷ್ಟು ಬಿಸಿಯಾದೀತು ಎಂದು ಹಾಕಿದ ಅಂದಾಜು ಬಹುಮಟ್ಟಿಗೆ ನಿಜವಾಯಿತು ಎಂದು 2023ರಲ್ಲಿ ಸೈನ್ಸ್ ಪತ್ರಿಕೆಯ ಪ್ರಬಂಧವೊಂದು ತೋರಿಸಿತು. ಅದೇ ಕಂಪನಿ ಹೊರಗೆ ದಶಕಗಳ ಕಾಲ ಅನುಮಾನದ ಮಾತಾಡಿತು. ಗೊತ್ತಿದ್ದೂ ಮುಚ್ಚಿಟ್ಟವರನ್ನೂ, ಬೇರೆ ಗತಿಯಿಲ್ಲದೆ ಸೀಮೆಎಣ್ಣೆ ಉರಿಸಿದವರನ್ನೂ ಟನ್‌ಗಳ ಲೆಕ್ಕ ಬೇರೆ ಮಾಡಿ ತೋರಿಸುವುದಿಲ್ಲ. ಅದಕ್ಕೆ ನಿಮ್ಮ ಕಾಗದದಲ್ಲಿ ಇನ್ನೊಂದು ಸಾಲು ಬೇಕು: ಯಾರಿಗೆ ಯಾವಾಗ ಗೊತ್ತಿತ್ತು.

ಪಾಲಿನ ಲೆಕ್ಕ ನ್ಯಾಯಾಲಯದವರೆಗೂ ಹೋಗಿದೆ. ಪೆರು ದೇಶದ ವಾರಾಸ್ ಪಟ್ಟಣದ ಮೇಲ್ಗಡೆ, ಆಂಡಿಸ್ ಪರ್ವತದಲ್ಲಿ, ಹಿಮನದಿ ಕರಗಿ ಉಬ್ಬಿದ ಪಾಲ್ಕಕೋಚಾ ಎಂಬ ಸರೋವರವಿದೆ. ಅದು ಒಡೆದರೆ ತನ್ನ ಮನೆ ಕೊಚ್ಚಿಹೋಗುತ್ತದೆ ಎಂದು ಸಾವುಲ್ ಲುಸಿಯಾನೊ ಯೂಯಾ ಎಂಬ ರೈತ 2015ರಲ್ಲಿ ಜರ್ಮನಿಯ ಆರ್‌ಡಬ್ಲ್ಯೂಇ ವಿದ್ಯುತ್ ಕಂಪನಿಯ ಮೇಲೆ ಅಲ್ಲಿಯ ಕೋರ್ಟಿನಲ್ಲೇ ದಾವೆ ಹೂಡಿದರು. ಪೆರುವಿನಲ್ಲಿ ಕಂಪನಿ ಒಂದು ಚಿಮಣಿಯನ್ನೂ ಕಟ್ಟಿರಲಿಲ್ಲ. ಜಗತ್ತಿನ ಕೈಗಾರಿಕಾ ಹೊಗೆಯಲ್ಲಿ ಅದರ ಐತಿಹಾಸಿಕ ಪಾಲು ಶೇ 0.47, ಆದ್ದರಿಂದ ಪ್ರವಾಹ ತಡೆಯುವ ಖರ್ಚಿನಲ್ಲೂ ಶೇ 0.47 ಕೊಡಲಿ, ಅಂದರೆ ಸುಮಾರು 17,000 ಯೂರೊ, ಎಂಬುದು ಅವರ ಬೇಡಿಕೆ. ಅಂಕಿ ಬಂದದ್ದು ಹೀಡಿಯವರ ಲೆಕ್ಕದಿಂದ. 2022ರಲ್ಲಿ ಜರ್ಮನಿಯ ನ್ಯಾಯಾಧೀಶರೇ ಅಲ್ಲಿಗೆ ಹೋಗಿ ನೋಡಿ ಬಂದರು. 2025ರ ಮೇ 28ರಂದು ಹಾಮ್‌ನ ಮೇಲ್ಮನವಿ ನ್ಯಾಯಾಲಯ ದಾವೆ ವಜಾ ಮಾಡಿತು, ಆ ಮನೆಗೆ ಇರುವ ಅಪಾಯ ಸಾಕಷ್ಟು ದೊಡ್ಡದಲ್ಲ ಎಂದು. ಆದರೆ ದೊಡ್ಡ ಪ್ರಮಾಣದ ಹೊಗೆ ಬಿಡುವವರನ್ನು ಇಂಥ ಹಾನಿಗೆ ತಾತ್ವಿಕವಾಗಿ ಹೊಣೆ ಮಾಡಬಹುದು ಎಂದು ಅದೇ ತೀರ್ಪಿನಲ್ಲಿ ಹೇಳಿತು. ರೈತ ಸೋತರು, ವಾದ ಉಳಿಯಿತು.

ಯಾವ ದೇಶದ ಮೊತ್ತಕ್ಕೂ ಸೇರದ ಹೊಗೆಯನ್ನೂ ನೆನಪಿನಲ್ಲಿಡಿ. ಅಂತರರಾಷ್ಟ್ರೀಯ ವಿಮಾನ ಮತ್ತು ಹಡಗುಗಳ ಇಂಧನವನ್ನು ದೇಶಗಳು ಪ್ರತ್ಯೇಕವಾಗಿ ನಮೂದಿಸುತ್ತವೆ, ಒಟ್ಟಿಗೆ ಕೂಡಿಸುವುದಿಲ್ಲ. ಸೈನ್ಯಗಳ ಲೆಕ್ಕವಂತೂ ಕೊಟ್ಟರೆ ಕೊಟ್ಟರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ನಿಮ್ಮದೇ ಒಂದು ಹಾಳೆ

ಇನ್ನು ಬೋಲ್ಟಿನ ಕಾರ್ಖಾನೆಗೆ ಬರೋಣ. ಕಂಪನಿಗಳ ಲೆಕ್ಕದಲ್ಲಿ ಮೂರು ‘ಸ್ಕೋಪ್’ ಇರುತ್ತವೆ: ತಾನೇ ಸುಟ್ಟದ್ದು ಒಂದು, ಕೊಂಡ ವಿದ್ಯುತ್ತಿನದು ಎರಡು, ಕೊಂಡ ಮಾಲು ಮತ್ತು ಮಾರಿದ ಮಾಲಿನದು ಮೂರು. ಒಂದು ತಿಂಗಳ ಅಂಕಿಗಳನ್ನು ಸುಲಭಕ್ಕೆ ಹೀಗೆ ಇಟ್ಟುಕೊಳ್ಳಿ. ಜನರೇಟರ್‌ಗೆ ಡೀಸೆಲ್ 600 ಲೀಟರ್. ಲೀಟರಿಗೆ ಸುಮಾರು 2.7 ಕೆಜಿಯಂತೆ 1.6 ಟನ್. ಎಸಿಗೆ ತುಂಬಿಸಿದ ಆರ್-410ಎ ಶೀತಕ 2 ಕೆಜಿ; ಇದರ ಬಿಸಿ ಹಿಡಿಯುವ ಶಕ್ತಿ ಸುಮಾರು 2,000 ಪಟ್ಟು, ಅಂದರೆ ಸೋರಿಹೋದದ್ದು 4 ಟನ್‌ಗೆ ಸಮ. (ಡೀಸೆಲ್ ಚೀಟಿ ಜೋಪಾನವಾಗಿ ಇಡುವವರು ಎಸಿ ರಿಪೇರಿಯವನ ಬಿಲ್ಲನ್ನು ಎಸೆದಿರುತ್ತಾರೆ.) ಕರೆಂಟು 40,000 ಯೂನಿಟ್, ದೇಶದ ಗ್ರಿಡ್‌ನ ಸರಾಸರಿ ಯೂನಿಟ್‌ಗೆ 0.7 ಕೆಜಿಯ ಸುತ್ತ, ಅಲ್ಲಿಗೆ 28 ಟನ್. ಬೋಲ್ಟ್ ಮಾಡಲು ಕೊಂಡ ಉಕ್ಕಿನ ಸರಳು, ಅಂದರೆ ವೈರ್ ರಾಡ್, 100 ಟನ್; ಎರಡೂವರೆಯಂತೆ 250 ಟನ್.

ಕೂಡಿಸಿದರೆ 283.6 ಟನ್, ಅದರಲ್ಲಿ ಶೇ 88 ಬಾಗಿಲಾಚೆಯ ರಾಡಿನದು. ಮಾಲೀಕರು ಇಷ್ಟು ಹೊತ್ತಿಗೆ ಛಾವಣಿಯ ಮೇಲೆ ಸೋಲಾರ್ ಹಾಕಿಸುವ ಮಾತು ತೆಗೆದಿರುತ್ತಾರೆ. ಹಾಕಿಸಲಿ, ಬಿಲ್ಲು ಉಳಿಯುತ್ತದೆ. ಆದರೆ ಅದು ಮುಟ್ಟುವುದು ಆ 28 ಟನ್ನನ್ನು ಮಾತ್ರ. ಯುರೋಪಿನ ಗಡಿಯಲ್ಲಿ ಅದಕ್ಕೂ ಬೆಲೆ ಇಲ್ಲ. 2023ರ ಅಕ್ಟೋಬರ್‌ನಿಂದ ವರದಿ ಕೇಳುತ್ತಿದ್ದ ಅವರ ಗಡಿ ಇಂಗಾಲ ಶುಲ್ಕದ ವ್ಯವಸ್ಥೆ 2026ರ ಜನವರಿಯಿಂದ ಪೂರ್ಣ ರೂಪದಲ್ಲಿ ಜಾರಿಯಲ್ಲಿದೆ. ಸಿಮೆಂಟ್, ಉಕ್ಕು, ಅಲ್ಯೂಮಿನಿಯಂ, ಗೊಬ್ಬರ, ಜಲಜನಕ, ವಿದ್ಯುತ್ತಿಗೆ ಅದು ಅನ್ವಯ. ನಟ್ಟು ಬೋಲ್ಟೂ ಉಕ್ಕಿನ ಪಟ್ಟಿಯಲ್ಲಿದೆ. ಉಕ್ಕಿನ ಮಾಲಿಗೆ ಸದ್ಯ ನೇರ ಹೊಗೆಯನ್ನಷ್ಟೇ ಎಣಿಸುತ್ತಾರೆ, ಬಳಸಿದ ವಿದ್ಯುತ್ತನ್ನು ಬಿಡುತ್ತಾರೆ, ರಾಡು ಮಾಡುವಾಗ ಎದ್ದದ್ದನ್ನು ಬಿಡುವುದಿಲ್ಲ. ಐತಿಹಾಸಿಕ ಹೊಣೆಯ ಮಾತನ್ನೆಲ್ಲ ಪಕ್ಕಕ್ಕೆ ಸರಿಸುವ ಏಕಪಕ್ಷೀಯ ಕ್ರಮ ಇದು ಎಂದು ಭಾರತ ಆಕ್ಷೇಪಿಸುತ್ತಲೇ ಬಂದಿದೆ. ಹಿಂದಿನಿಂದ ಬಂದ ಹೊಗೆಯಲ್ಲಿ ಶೇ 17 ಪಾಲಿನ ಯುರೋಪಿನವರು ಶೇ 3ರ ಪಾಲಿನ ನಮ್ಮಿಂದ ವಸೂಲಿಗೆ ನಿಂತದ್ದು ನನಗೂ ಸರಿ ಕಾಣುವುದಿಲ್ಲ. ಆದರೆ ಹಡಗು ಹತ್ತುವ ಪೆಟ್ಟಿಗೆಗೆ ಕಾಗದ ಬೇಕಲ್ಲ.

ಹಾಗಾಗಿ ಈ ವಾರ ಮಾಡಬೇಕಾದ ಕೆಲಸ ರಾಡ್ ಕೊಡುವ ಉಕ್ಕಿನ ಕಂಪನಿಗೆ ಒಂದು ಪತ್ರ ಬರೆಯುವುದು. ರಾಡು ಅದಿರು, ಕೋಕ್ ಹಾಕುವ ಊದು ಕುಲುಮೆಯದೋ ವಿದ್ಯುತ್ ಕುಲುಮೆಯದೋ, ಗುಜರಿಯ ಪಾಲು ಎಷ್ಟು ಎಂದು ಕೇಳಿ. ಟನ್‌ಗೆ ಎಷ್ಟು ಹೊಗೆ ಎಂಬ ಅಂಕಿ ಇಡೀ ಕಂಪನಿಯ ಸರಾಸರಿಯಾದರೆ ಬೇಡ, ನಿಮಗೆ ಮಾಲು ಕೊಟ್ಟ ಸ್ಥಾವರದ್ದೇ ಬೇಕು, ಯಾವ ವರ್ಷದ್ದು ಮತ್ತು ಯಾರು ಪರಿಶೀಲಿಸಿದ್ದು ಎಂಬುದರ ಸಮೇತ. ಆ ಅಂಕಿಯಲ್ಲಿ ಕೋಕ್ ಒಲೆಯ ಮತ್ತು ಅದಿರಿನ ಪುಡಿಯನ್ನು ಗಟ್ಟಿ ಮಾಡುವ ಸಿಂಟರ್, ಪೆಲೆಟ್ ಘಟಕಗಳ ಹೊಗೆ ಸೇರಿದೆಯೇ ಎಂದು ಬಾಯಿ ಬಿಡಿಸಿ ಬರೆಸಿಕೊಳ್ಳಿ; ಇವನ್ನು ಬಿಟ್ಟು ಕೊಟ್ಟ ಅಂದವಾದ ಅಂಕಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಉತ್ತರ ಬಾರದಿದ್ದರೆ ಯುರೋಪಿನವರು ತಾವೇ ನಿಗದಿ ಮಾಡಿದ ಅಂಕಿಯನ್ನು ನಿಮ್ಮ ಬೋಲ್ಟಿಗೆ ಹಚ್ಚುತ್ತಾರೆ, ಅದರ ಮೇಲೆ ಒಂದಷ್ಟು ಹೆಚ್ಚುವರಿಯನ್ನೂ ಸೇರಿಸುತ್ತಾರೆ. ನೆನಪೋಲೆಯನ್ನು ಖರೀದಿ ವಿಭಾಗದ ಹೆಸರಿಗೆ ಕಳಿಸಿ, ಮುಂದಿನ ಆರ್ಡರಿನ ಪ್ರತಿಯನ್ನು ಜೊತೆಗಿಡಿ. ಹಾಗೆ ಮಾಡಿದಾಗ ಉತ್ತರ ಬೇಗ ಬರುತ್ತದೆ.